ಬಸುರಿಯರು ಮೆಲ್ಲಗೆ ಕೇಳುವ ಪ್ರಶ್ನೆಗಳು



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ ಎಲ್ಲಾ ಬರೆದು ಪುಸ್ತಕ ಮಡಚಿಟ್ಟ ಮೇಲೆ ಇನ್ನೊಂದು ಮಾತು ಶುರುವಾಗುತ್ತದೆ. ಬಸುರಿ ಸದಸ್ಯೆಯೊಬ್ಬಳು ಪಕ್ಕದವಳ ಹತ್ತಿರ ಮೆಲ್ಲಗೆ ಏನೋ ಕೇಳುತ್ತಾಳೆ. ಪಕ್ಕದವಳು ತನಗೆ ತಿಳಿದದ್ದನ್ನು ಹೇಳುತ್ತಾಳೆ. ಸರಿಯೋ ತಪ್ಪೋ, ಅದೇ ಮಾತು ಮನೆಗೆ ಹೋಗುತ್ತದೆ. ಡಾಕ್ಟರ ಮುಂದೆ ಕೇಳಲು ನಾಚಿಕೆ, ಅತ್ತೆಯ ಮುಂದೆ ಕೇಳಲು ಭಯ. ಅಂಥ ಪ್ರಶ್ನೆಗಳನ್ನೇ ಈ ಪಾಠಕ್ಕೆ ತೆಗೆದುಕೊಂಡಿದ್ದೇವೆ. ಪ್ರತಿನಿಧಿಗಳು ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಅತ್ತೆಯಾದವರೂ ಕೂತು ಕೇಳಿಸಿಕೊಳ್ಳಲಿ. ಬಸುರಿ ಏನು ತಿನ್ನಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು ಎಂದು ಬಹಳ ಮನೆಗಳಲ್ಲಿ ತೀರ್ಮಾನ ಮಾಡುವವರು ಅವರೇ ಅಲ್ಲವೇ?

ಮೊದಲೇ ಒಂದು ಮಾತು. ಬಸುರಿನಲ್ಲಿ ಬರುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಹೆದರಬೇಕಾಗಿಲ್ಲ. ಆದರೆ ನಮ್ಮ ಹೆಂಗಸರು ಹೆದರಬೇಕಾಗಿಲ್ಲದ್ದಕ್ಕೆ ಹೆದರಿ ಊಟ ಕಡಿಮೆ ಮಾಡುತ್ತಾರೆ, ಮಾತ್ರೆ ಬಿಡುತ್ತಾರೆ. ನಿಜವಾಗಿ ಹೆದರಬೇಕಾದ್ದು ಬಂದಾಗ "ಎಲ್ಲರಿಗೂ ಆಗುತ್ತೆ, ಬಿಡು" ಎಂದು ಸುಮ್ಮನಾಗುತ್ತಾರೆ. ಇದನ್ನು ತಿರುಗಿಸಬೇಕು.

"ಕೆಂಪು ಮಾತ್ರೆ ತಗೊಂಡ್ರೆ ಮಗು ಕಪ್ಪಾಗುತ್ತಂತೆ, ಹೌದಾ ಅಕ್ಕಾ?"

ಖಂಡಿತ ಇಲ್ಲ. ಮಗುವಿನ ಬಣ್ಣ ಬರುವುದು ಅಪ್ಪ ಅಮ್ಮನ ಕಡೆಯಿಂದ. ಈ ಭಯ ಹುಟ್ಟಿದ್ದು ಹೇಗೆಂದರೆ, ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಲ ಕಪ್ಪಗೆ ಹೋಗುತ್ತದೆ. ಮೈಗೆ ಹಿಡಿಯದೆ ಉಳಿದ ಕಬ್ಬಿಣ ಹಾಗೆ ಹೊರಗೆ ಹೋಗುವುದು, ಅಷ್ಟೇ. ಅದು ಮಗುವಿಗೆ ಅಂಟುವ ಬಣ್ಣವಲ್ಲ. ಹಾಗೆಯೇ ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುವುದೂ ಇಲ್ಲ. ಒಂದು ಚಿಟಿಕೆ ಕೇಸರಿಗೆ ಕೊಡುವ ದುಡ್ಡಿನಲ್ಲಿ ಎಷ್ಟು ಮೊಟ್ಟೆ ಬರುತ್ತದೆ, ಲೆಕ್ಕ ಹಾಕಿ ನೋಡಿ.

ಈ ಮಾತ್ರೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ನೂರು ಮಂದಿ ಬಸುರಿಯರಲ್ಲಿ 52 ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗೆ ಹೋದರೆ ಅಪಾಯ. ಸರಿಯಾಗಿ ಆದ ಹೆರಿಗೆಯಲ್ಲೂ ಅರ್ಧ ಲೀಟರಿನವರೆಗೆ ರಕ್ತ ಹೋಗಬಹುದು. ಹಿಮೋಗ್ಲೋಬಿನ್ 12 ಇರುವ ತಾಯಿ ಅದನ್ನು ತಡೆದುಕೊಳ್ಳುತ್ತಾಳೆ, ಎರಡು ದಿನದಲ್ಲಿ ಎದ್ದು ಓಡಾಡುತ್ತಾಳೆ. 6 ಇರುವವಳಿಗೆ ಅಷ್ಟೇ ರಕ್ತ ಹೋದರೂ ಜೀವಕ್ಕೇ ಬರುತ್ತದೆ. ಸಂಘದ ಲೆಕ್ಕದಲ್ಲೇ ಹೇಳುವುದಾದರೆ, ಕೈಯಲ್ಲಿ ಉಳಿತಾಯ ಇದ್ದವರು ಒಂದು ನಷ್ಟ ತಡೆಯುತ್ತಾರೆ, ಇಲ್ಲದವರು ಒಂದೇ ನಷ್ಟಕ್ಕೆ ಮುಳುಗುತ್ತಾರೆ.

ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆ ಆದ ಮೇಲೂ 180 ದಿನ ಈ ಮಾತ್ರೆ ತೆಗೆದುಕೊಳ್ಳಬೇಕು. ರಕ್ತ ಕಡಿಮೆ ಇದ್ದರೆ ದಿನಕ್ಕೆ ಎರಡು ಕೊಡುತ್ತಾರೆ. ಅದಕ್ಕೂ ಏರದಿದ್ದರೆ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕಬ್ಬಿಣಾಂಶ ಹಾಕುತ್ತಾರೆ, ಅದಕ್ಕೂ ಹೆದರಬೇಡಿ. ಹೊಟ್ಟೆ ತೊಳೆಸಿದ ಹಾಗೆ ಆಗುತ್ತದೆ ಅನ್ನುವವರು ರಾತ್ರಿ ಊಟ ಆದ ಮೇಲೆ ನುಂಗಿ ಮಲಗಿ. ಮಲಬದ್ಧತೆ ಆದರೆ ನೀರು, ಸೊಪ್ಪು, ಹಣ್ಣು ಹೆಚ್ಚು ಮಾಡಿ. ಕಾಫಿ, ಟೀ ಜೊತೆ ಮಾತ್ರೆ ಬೇಡ, ಮಾತ್ರೆಯ ಸತ್ವ ಮೈಗೆ ಹಿಡಿಯುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬಾರದು, ಎರಡು ಗಂಟೆ ಬಿಟ್ಟು ತೆಗೆದುಕೊಳ್ಳಿ. ನಿಂಬೆಹಣ್ಣಿನ ಪಾನಕ, ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು. ಮಾತ್ರೆಯ ಹಾಳೆ ಅಟ್ಟದ ಮೇಲೆ ಬಿದ್ದಿದ್ದರೆ ಇವತ್ತೇ ಕೆಳಗಿಳಿಸಿ.

ಇನ್ನೊಂದು ಗುಟ್ಟಿನ ವಿಷಯ. ಕೆಲವರಿಗೆ ಬಳಪ, ಕೆಮ್ಮಣ್ಣು, ಹಸಿ ಅಕ್ಕಿ ತಿನ್ನುವ ಆಸೆಯಾಗುತ್ತದೆ. ಮನೆಯವರು ಬೈತಾರೆ ಅಂತ ಬಚ್ಚಿಟ್ಟು ತಿನ್ನುತ್ತಾರೆ. ಇದು ಕೆಟ್ಟ ಚಾಳಿ ಎಂದು ಬೈದು ಫಲವಿಲ್ಲ. ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದಾಗ ಹೀಗಾಗುವುದುಂಟು. ಕಿರಿಯ ಆರೋಗ್ಯ ಸಹಾಯಕಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಮಣ್ಣಿನಿಂದ ಹೊಟ್ಟೆಹುಳ ಆಗುತ್ತದೆ. ನಾಲ್ಕನೇ ತಿಂಗಳಿಂದ ಮುಂದೆ ಹುಳದ ಮಾತ್ರೆಯನ್ನೂ ಆಸ್ಪತ್ರೆಯಲ್ಲೇ ಕೊಡುತ್ತಾರೆ.

"ಜಾಸ್ತಿ ಉಂಡ್ರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗಲ್ವಾ?"

ಹಿಂದೆ ಆಸ್ಪತ್ರೆ ದೂರ ಇದ್ದಾಗ, ಹೆರಿಗೆ ಅಡ್ಡಿಯಾದರೆ ದಾರಿಯೇ ಇಲ್ಲದಿದ್ದಾಗ ಈ ಭಯ ಬಂದಿರಬಹುದು. ಈಗಲೂ ಏಳನೇ ತಿಂಗಳಿಂದ ಸೊಸೆಯ ತಟ್ಟೆಗೆ ಅರ್ಧ ಮುದ್ದೆ ಹಾಕುವ ಮನೆಗಳಿವೆ. ತಾಯಿ ಕಡಿಮೆ ಉಂಡರೆ ಹೆರಿಗೆ ಸುಲಭವಾಗುವುದಿಲ್ಲ, ಮಗು ಸೊರಗುತ್ತದೆ, ಅಷ್ಟೇ. ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಸೋಂಕು, ಶೀತ ಎಲ್ಲಾ ಬೇಗ ತಗಲುತ್ತದೆ, ಹಾಲು ಚೀಪುವ ಶಕ್ತಿಯೂ ಕಡಿಮೆ. ಒಂಬತ್ತು ತಿಂಗಳಲ್ಲಿ ತಾಯಿಯ ತೂಕ ಸುಮಾರು 10 ಕೆ.ಜಿ. ಏರಬೇಕು. ಇಬ್ಬರ ಊಟ ಉಣ್ಣಬೇಕಾಗಿಲ್ಲ. ದಿನದ ಊಟದ ಮೇಲೆ ಒಂದು ಹೊತ್ತಿನ ಸಣ್ಣ ಊಟ ಹೆಚ್ಚು ಮಾಡಿದರೆ ಸಾಕು. ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ನುಗ್ಗೆಸೊಪ್ಪು, ಹುರಿದ ಕಡಲೆಕಾಯಿ, ಬೆಲ್ಲ, ಮೊಟ್ಟೆ, ಮೀನು ಎಲ್ಲವೂ ನಮ್ಮ ಕೈಗೆ ಸಿಗುವುದೇ. ಅಂಗನವಾಡಿಯಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಪೌಷ್ಟಿಕ ಆಹಾರ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ನಮ್ಮ ರಾಜ್ಯದಾದ್ಯಂತ ಶುರುವಾಯಿತು. ಹೆಸರು ಬರೆಸಿ. ಅಂಗನವಾಡಿಯಿಂದ ಬಂದದ್ದು ಮನೆಮಂದಿಗೆಲ್ಲಾ ಹಂಚಿ ಹೋಗದೆ ಬಸುರಿಯ ಹೊಟ್ಟೆಗೇ ಸೇರಲಿ.

ಮಗು ಅತಿಯಾಗಿ ದಪ್ಪ ಆಗುವುದು ಬೇರೆ ಕಾರಣಕ್ಕೆ, ಹೆಚ್ಚಾಗಿ ತಾಯಿಗೆ ಸಕ್ಕರೆ ಕಾಯಿಲೆ ಬಂದಾಗ. ಬಸುರಿನಲ್ಲಿ ಮಾತ್ರ ಬಂದು ಹೆರಿಗೆಯಾದ ಮೇಲೆ ಹೋಗುವ ಸಕ್ಕರೆಯೂ ಇದೆ. ಅದಕ್ಕೇ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. ಮೊದಲ ಸಲ ಹೋದಾಗ ಒಮ್ಮೆ, ಆರನೇ ತಿಂಗಳ ಸುಮಾರಿಗೆ ಇನ್ನೊಮ್ಮೆ. "ಇಷ್ಟೊತ್ತು ಕೂರಿಸ್ತಾರೆ" ಎಂದು ಬೇಸರಪಟ್ಟು ಎದ್ದು ಬರಬೇಡಿ.

ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿಗೆ ಒಂದು ಮಾತು. ಬಸುರಿನಲ್ಲಿ ಅದನ್ನು ಪೂರ್ತಿ ಬಿಡಬೇಕು. ಮಗುವಿನ ತೂಕ ಕಡಿಮೆಯಾಗುತ್ತದೆ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವ ಅಪಾಯವೂ ಹೆಚ್ಚು.

ಪರಂಗಿ ಹಣ್ಣು, ಗ್ರಹಣ, ಸ್ಕ್ಯಾನಿಂಗ್

ಚೆನ್ನಾಗಿ ಹಣ್ಣಾದ ಪರಂಗಿ ಒಂದೆರಡು ಹೋಳು ತಿಂದರೆ ಗರ್ಭ ಇಳಿದು ಹೋಗುವುದಿಲ್ಲ. ಕಾಯಿ ಬೇಡ, ಅದರಲ್ಲಿ ಹಾಲು ಇರುತ್ತದೆ. ಗ್ರಹಣದಿಂದ ಸೀಳು ತುಟಿ ಬರುವುದಿಲ್ಲ. ಗ್ರಹಣದ ದಿನ ಹೊರಗೆ ಹೋಗಬಾರದು ಅನ್ನುವವರ ಜೊತೆ ಜಗಳ ಆಡಬೇಕಾಗಿಲ್ಲ, ಒಳಗೇ ಕೂತಿರಿ. ಆದರೆ ನೀರು, ಊಟ, ಮಾತ್ರೆ ಬಿಡಬೇಡಿ. ಆ ಹೊತ್ತಿನಲ್ಲಿ ರಕ್ತ ಕಂಡರೆ ಗ್ರಹಣ ಬಿಡುವ ತನಕ ಕಾಯಬೇಡಿ.

ಸ್ಕ್ಯಾನಿಂಗ್ ಎಂದರೆ ಎಕ್ಸ್‌ರೇ ಅಲ್ಲ. ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ನೋಡುವುದು, ಡಾಕ್ಟರು ಹೇಳಿದಾಗ ಮಾಡಿಸಿದರೆ ಮಗುವಿಗೆ ತೊಂದರೆಯಿಲ್ಲ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಅಂಗಾಂಗ, ಮಾಸು ಎಲ್ಲಿದೆ ಎಂಬುದು ತಿಳಿಯುತ್ತದೆ. ಗಂಡೋ ಹೆಣ್ಣೋ ಎಂದು ಕೇಳುವುದು, ಹೇಳುವುದು ಎರಡೂ 1994ರ ಕಾನೂನಿನ ಪ್ರಕಾರ ಅಪರಾಧ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಅನ್ನುವವರು ಒಂದು ತಿಳಿದಿರಬೇಕು. ಮಗು ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದು ತೀರ್ಮಾನವಾಗುವುದು ಗಂಡಸಿನ ವೀರ್ಯಾಣುವಿನಿಂದ.

"ಕೆಲಸಕ್ಕೆ ಹೋಗಬಹುದಾ?"

ಹೋಗಬಹುದು. ಮನೆಗೆಲಸ, ಸುಲಭವಾದ ಕೂಲಿ, ನಡೆಯುವುದು ಒಳ್ಳೆಯದೇ. ಆದರೆ ತಲೆ ಮೇಲೆ ಮೂಟೆ ಹೊರುವುದು ಬೇಡ. ಔಷಧಿ ಹೊಡೆಯುವ ತೋಟದಲ್ಲಿ, ಹೊಡೆದ ದಿನ ಆ ಗದ್ದೆಯಲ್ಲಿ ಕೆಲಸ ಬೇಡವೇ ಬೇಡ. ಮಧ್ಯಾಹ್ನ ಎರಡು ಗಂಟೆ ಒರಗಿಕೊಳ್ಳಿ. ಏಳನೇ ತಿಂಗಳ ನಂತರ ಅಂಗಾತ ಮಲಗುವ ಬದಲು ಮಗ್ಗುಲಾಗಿ ಮಲಗಿ. ಗಂಡನ ಜೊತೆ ಸೇರುವ ಬಗ್ಗೆಯೂ ಕೆಲವರು ತಲೆ ತಗ್ಗಿಸಿ ಕೇಳುತ್ತಾರೆ. ರಕ್ತ ಕಂಡಿಲ್ಲ, ಮಾಸು ಕೆಳಗಿಲ್ಲ, ಡಾಕ್ಟರು ಬೇಡ ಅಂದಿಲ್ಲ ಎಂದಾದರೆ ಮಗುವಿಗೆ ತೊಂದರೆಯಿಲ್ಲ. ಹೆಂಡತಿಗೆ ಮನಸ್ಸಿಲ್ಲದಿದ್ದರೆ ಗಂಡ ಅದನ್ನು ಗೌರವಿಸಬೇಕು.

"ಇದು ಎಲ್ಲರಿಗೂ ಆಗುವುದೋ, ಅಪಾಯವೋ ಗೊತ್ತಾಗೋದು ಹೇಗೆ?"

ಈ ಭಾಗವನ್ನು ಪ್ರತಿನಿಧಿಗಳು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಮೊದಲ ಮೂರು ತಿಂಗಳು ವಾಂತಿ, ವಾಕರಿಕೆ ಸಾಮಾನ್ಯ. ಸ್ವಲ್ಪ ಸ್ವಲ್ಪವಾಗಿ ಆಗಾಗ ತಿನ್ನಿ. ಆದರೆ ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ಹಳದಿ ಗಟ್ಟಿಯಾದರೆ ಆಸ್ಪತ್ರೆಗೆ ಹೋಗಬೇಕು. ದಿನವಿಡೀ ನಿಂತು ಸಂಜೆ ಪಾದ ಊದಿಕೊಂಡು, ಬೆಳಿಗ್ಗೆ ಇಳಿದರೆ ಭಯವಿಲ್ಲ. ಬೆಳಿಗ್ಗೆ ಏಳುವಾಗಲೇ ಮುಖ, ಕೈ ಊದಿಕೊಂಡಿದ್ದರೆ, ಬಳೆ ಬಿಗಿಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮೇಲುಹೊಟ್ಟೆ ನೋವು ಬಂದರೆ ಅದು ಬಿ.ಪಿ. ಏರಿದ ಗುರುತಾಗಿರಬಹುದು. ತಡಮಾಡಿದರೆ ಫಿಟ್ಸ್ ಬರುತ್ತದೆ. ಫಿಟ್ಸ್ ಬಂದವಳಿಗೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಲು ಓಡಿದರೆ ತಾಯಿ, ಮಗು ಇಬ್ಬರನ್ನೂ ಕಳೆದುಕೊಳ್ಳುತ್ತೇವೆ.

ಮಗುವಿನ ಓಡಾಟ ಚೊಚ್ಚಲಿನವರಿಗೆ ಸುಮಾರು ಐದನೇ ತಿಂಗಳಲ್ಲಿ ತಿಳಿಯುತ್ತದೆ, ಮೊದಲು ಹೆತ್ತವರಿಗೆ ಸ್ವಲ್ಪ ಮುಂಚೆಯೇ. ಏಳನೇ ತಿಂಗಳ ನಂತರ ನಿಮ್ಮ ಮಗು ಯಾವ ಹೊತ್ತಿಗೆ ಎಷ್ಟು ಆಡುತ್ತದೆ ಎಂಬುದು ನಿಮಗೇ ಗೊತ್ತಾಗಿರುತ್ತದೆ. ಅದು ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. "ದಿನ ತುಂಬಿದೆ, ಜಾಗ ಸಾಲದೆ ಮಗು ಸುಮ್ಮನಾಗಿದೆ" ಎಂದು ದೊಡ್ಡವರು ಹೇಳುತ್ತಾರೆ. ಈ ಮಾತನ್ನು ನಂಬಬೇಡಿ. ಕೊನೆಯ ದಿನದವರೆಗೂ ಮಗು ಆಡುತ್ತಿರಬೇಕು. ಹೋಗಿ ನೋಡಿಸಿ, ಮಗು ಚೆನ್ನಾಗಿದೆ ಎಂದು ಕಳಿಸಿದರೆ ಬಸ್ಸಿನ ದುಡ್ಡು ದಂಡವಾಯಿತೆಂದು ಯಾರೂ ಬೈಯಬಾರದು.

ಯಾವ ತಿಂಗಳಲ್ಲೇ ಆಗಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ ಹೊರಡಿ. ನೀರು ಒಡೆದು ಹೋದರೆ ನೋವು ಬರಲೆಂದು ಮನೆಯಲ್ಲಿ ಕಾಯಬೇಡಿ, ನಂಜೇರುವ ಭಯವಿದೆ. ಚಳಿಜ್ವರ, ಕೂತಲ್ಲೇ ಏದುಸಿರು ಬಂದರೂ ಹಾಗೆಯೇ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ.

ನೆಗೆಟಿವ್ ರಕ್ತ ಎಂದು ತಾಯಿ ಕಾರ್ಡಿನಲ್ಲಿ ಬರೆದದ್ದು ನೋಡಿ ಕೆಲವರು ಅತ್ತುಬಿಡುತ್ತಾರೆ. ಅದು ಕಾಯಿಲೆಯಲ್ಲ. ಗಂಡನ ರಕ್ತ ಪಾಸಿಟಿವ್ ಆಗಿದ್ದರೆ ಮುಂದಿನ ಮಗುವಿಗೆ ತೊಂದರೆಯಾಗದಂತೆ ಒಂದು ಇಂಜೆಕ್ಷನ್ ಇದೆ. ಪಾಸಿಟಿವ್ ರಕ್ತದ ಮಗು ಹುಟ್ಟಿದರೆ 72 ಗಂಟೆಯೊಳಗೆ ಅದನ್ನು ಕೊಡಬೇಕು. ಗರ್ಭಪಾತ ಆದವರಿಗೂ ಬೇಕಾಗುತ್ತದೆ, ಡಾಕ್ಟರಿಗೆ ಜ್ಞಾಪಿಸಿ.

ಕಾರಣವಿಲ್ಲದೆ ಅಳು, ನಿದ್ದೆ ಬಾರದಿರುವುದು, ಹೆರಿಗೆಯಲ್ಲಿ ಸತ್ತುಹೋಗುತ್ತೇನೆಂಬ ಹೆದರಿಕೆ ಇವೂ ಬರುತ್ತವೆ. ಯಾರ ಹತ್ತಿರವಾದರೂ ಹೇಳಿಕೊಂಡರೆ ಅರ್ಧ ಹಗುರ. ಎರಡು ವಾರವಾದರೂ ಹೋಗದಿದ್ದರೆ ಡಾಕ್ಟರಿಗೆ ಹೇಳಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಸಂಘ ಸುಮ್ಮನಿರಬಾರದು.

ದುಡ್ಡಿನ ಮಾತು

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್ ಆದರೆ ಅದೂ, ಔಷಧಿ, ರಕ್ತ, ಪರೀಕ್ಷೆ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದು ನಮ್ಮ ಹಕ್ಕು. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಅರ್ಜಿಗೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರಿಂದಲೇ ಉಚಿತ ತಪಾಸಣೆ ಇರುತ್ತದೆ. ಮೂರು ತಿಂಗಳೊಳಗೆ ಹೆಸರು ಬರೆಸಿ, ಒಟ್ಟು ನಾಲ್ಕು ಸಲವಾದರೂ ತೋರಿಸಬೇಕು.

ಆದರೂ ಹೊರಡುವ ಹೊತ್ತಿಗೆ ಕೈಯಲ್ಲಿ ಸ್ವಲ್ಪ ದುಡ್ಡು ಬೇಕೇ ಬೇಕು. ಬಹಳ ಸಂಘಗಳಲ್ಲಿ ಸಭೆ ಸೇರಿ, ಸಹಿ ಹಾಕಿದ ಮೇಲೇ ಸಾಲ. ಹೆರಿಗೆ ನೋವು ಸಭೆಯ ವಾರ ನೋಡಿಕೊಂಡು ಬರುವುದಿಲ್ಲ. ಆದ್ದರಿಂದ ಬಸುರಿ ಸದಸ್ಯೆಗೆ ಏಳು ತಿಂಗಳು ತುಂಬುವುದರೊಳಗೆ ನಡವಳಿ ಪುಸ್ತಕದಲ್ಲಿ ನಿರ್ಣಯ ಬರೆದಿಡಿ. ತುರ್ತಿಗೆ ಎಷ್ಟು, ರಾತ್ರಿಯಾದರೂ ಅದನ್ನು ಕೊಡುವವರು ಯಾರು, ಜೊತೆಗೆ ಹೋಗುವವರು ಯಾರು, ದೊಡ್ಡ ಮಕ್ಕಳನ್ನು ನೋಡಿಕೊಳ್ಳುವವರು ಯಾರು. ಊರಲ್ಲಿ ಆಟೋ ಇರುವವರ ಫೋನ್ ನಂಬರು, ರಕ್ತ ಕೊಡಲು ಒಪ್ಪಿದ ಇಬ್ಬರ ಹೆಸರು ಅದೇ ಹಾಳೆಯಲ್ಲಿರಲಿ. ತವರಿಗೆ ಹೋಗಿ ಹೆರುವವಳಾದರೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ. ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಪಾಸ್ ಪುಸ್ತಕ, ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿಬಟ್ಟೆ ಇವನ್ನು ಒಂದು ಚೀಲದಲ್ಲಿ ಕಟ್ಟಿ ಬಾಗಿಲ ಹತ್ತಿರ ತೂಗುಹಾಕಿ. ಈ ಸಭೆಯಲ್ಲೇ ನಿಮ್ಮ ಸಂಘದ ಬಸುರಿಯರ ಹೆಸರನ್ನೂ ದಿನ ತುಂಬುವ ತಾರೀಖನ್ನೂ ಬರೆದುಕೊಳ್ಳಿ.