ಟ್ರಂಕಿನಲ್ಲಿದ್ದ ರೇಜರ್

ಬ್ಲೇಡು ಯಾರ ಮನೆಯಲ್ಲಿ ಇಲ್ಲ ಹೇಳಿ? ರವಿಕೆಯ ಹೊಲಿಗೆ ಬಿಚ್ಚಲು ಬ್ಲೇಡು ಬೇಕು. ಮಕ್ಕಳ ಪೆನ್ಸಿಲ್ ಚೂಪು ಮಾಡಲು ಬೇಕು. ಉಗುರು ತೆಗೆಯಲೂ ಅದೇ. ಆದರೆ ಬ್ಲೇಡು ಹುಟ್ಟಿದ್ದು ಗಂಡಸರ ಗಡ್ಡ ತೆಗೆಯಲು.

"ಗಡ್ಡದ ಪಾಠ ಹೆಂಗಸರಿಗೆ ಯಾಕೆ?" ಎನ್ನುತ್ತೀರಾ? ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿ ಒಂದು ಸಂಜೆ ಕೇಳಿದರು: "ಟೀಚರ್, ಮಗನಿಗೆ ಮೀಸೆ ಚಿಗುರಿದೆ. ಅವರಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ಅವರ ರೇಜರ್ ಟ್ರಂಕಿನಲ್ಲಿ ಹಾಗೇ ಇದೆ. ಅದನ್ನೇ ಬೇಕು ಅಂತಾನೆ ಹುಡುಗ. ಕೊಯ್ದುಕೊಂಡಾನು ಅಂತ ಭಯ. ಹೇಗೆ ಹೇಳಿಕೊಡಲಿ?"

ಒಳ್ಳೆಯ ಪ್ರಶ್ನೆ. ಅಪ್ಪ ಇಲ್ಲದ ಮನೆಯಲ್ಲಿ ಅಮ್ಮನೇ ಹೇಳಿಕೊಡಬೇಕು. ಅಪ್ಪ ಊರು ಬಿಟ್ಟು ದುಡಿಯಲು ಹೋದ ಮನೆಯಲ್ಲೂ ಅಷ್ಟೇ.

ಹಿಂದೆ ಮನೆಯಲ್ಲಿ ಗಡ್ಡ ತೆಗೆದುಕೊಳ್ಳುವವರು ಕಡಿಮೆ. ನಮ್ಮ ಹಳ್ಳಿಗಳಲ್ಲಿ ಕ್ಷೌರಿಕರು ಆಯಗಾರರಲ್ಲಿ ಒಬ್ಬರು. ಸುಗ್ಗಿಯಲ್ಲಿ ಅವರಿಗೆ ಕಾಳು ಅಳೆದು ಕೊಡುತ್ತಿದ್ದರು. ಅವರ ಕೈಯಲ್ಲಿ ಇದ್ದದ್ದು ಬರಿಯ ಕತ್ತಿ. ಅದನ್ನು ಸಾಣೆ ಕಲ್ಲಿಗೆ ಮಸೆದು, ತೊಗಲಿನ ಪಟ್ಟಿಗೆ ತಿಕ್ಕಿ ಹರಿತ ಮಾಡಬೇಕು. ಅದನ್ನು ಗಂಟಲ ಮೇಲೆ ಆಡಿಸಲು ಪಳಗಿದ ಕೈ ಬೇಕು.

ಅಮೆರಿಕ ದೇಶದಲ್ಲಿ ಕಿಂಗ್ ಜಿಲೆಟ್ ಎಂಬ ವ್ಯಾಪಾರಿ ಇದ್ದ. ತೆಳುವಾದ ಉಕ್ಕಿನ ತಗಡಿಗೆ ಎರಡೂ ಕಡೆ ಹರಿತ ಮಾಡಿದರೆ ಹೇಗೆ? ಮೊಂಡಾದರೆ ಮಸೆಯುವ ಗೋಜು ಬೇಡ, ಎಸೆದು ಹೊಸದು ಹಾಕಿದರಾಯಿತು. ಹೀಗೆ ಅವನು ಯೋಚಿಸಿದ್ದು 1895ರಲ್ಲಿ. ಅಷ್ಟು ತೆಳು ಉಕ್ಕನ್ನು ಹರಿತ ಮಾಡುವುದು ಸುಲಭವಾಗಲಿಲ್ಲ. ನಿಕರ್‌ಸನ್ ಎಂಬ ಎಂಜಿನಿಯರ್ ಅದಕ್ಕೆ ಯಂತ್ರ ಮಾಡಿಕೊಟ್ಟ. 1903ರಲ್ಲಿ ಮಾರಾಟ ಶುರುವಾಯಿತು. ಆ ವರ್ಷ ಹೋದದ್ದು 51 ರೇಜರ್, 168 ಬ್ಲೇಡು. ಅಷ್ಟೇ! ಆಮೇಲೆ ಲೋಕವೆಲ್ಲಾ ಹರಡಿತು.

ಈ ರೇಜರಿಗೆ ಸೇಫ್ಟಿ ರೇಜರ್ ಎಂದು ಹೆಸರು. ಸೇಫ್ಟಿ ಎಂದರೆ ಸುರಕ್ಷೆ. ಬ್ಲೇಡಿನ ಅಂಚು ಕೂದಲೆಳೆಯಷ್ಟೇ ಹೊರಗೆ ಕಾಣುತ್ತದೆ. ಉಳಿದದ್ದೆಲ್ಲ ಒಳಗೆ. ಬಿಚ್ಚಿದರೆ ಸಾಮಾನ್ಯವಾಗಿ ಮೂರು ಭಾಗ: ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ಹಿಡಿ.

ಈಗ ಟ್ರಂಕಿನ ರೇಜರ್ ತೆಗೆಯಿರಿ. ಒಳಗೆ ಹಳೆಯ ಬ್ಲೇಡು ಇದ್ದೀತು, ಜೋಕೆ. ತುಕ್ಕು ಹಿಡಿದ ಆ ಬ್ಲೇಡು ಬೇಡವೇ ಬೇಡ. ರೇಜರನ್ನು ಬಿಸಿ ಸೋಪಿನ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಹುಣಸೆಹಣ್ಣು ಹಾಕಿ ಹಿತ್ತಾಳೆ ಚೊಂಬಿನ ಹಾಗೆ ಬೆಳಗಬೇಡಿ. ಮೇಲಿನ ಬಿಳಿಯ ಲೇಪ ಹೋದೀತು. ಸೋಪಿನ ಬ್ರಷ್ಷು ಮಾತ್ರ ಹೊಸದು ತನ್ನಿ.

ಹೊಸ ಬ್ಲೇಡಿನ ಉದ್ದದ ಎರಡು ಅಂಚು ಹರಿತ. ಗಿಡ್ಡ ಬದಿ ಹರಿತವಲ್ಲ. ಹಿಡಿಯುವುದು ಯಾವಾಗಲೂ ಗಿಡ್ಡ ಬದಿಯಲ್ಲಿ. ಮುಚ್ಚಳ ಮಗುಚಿ ಇಟ್ಟು, ಅದರ ಮೇಲೆ ಬ್ಲೇಡು, ಅದರ ಮೇಲೆ ತಟ್ಟೆ ಇಟ್ಟು ಹಿಡಿ ತಿರುಗಿಸಬೇಕು.

ಇನ್ನು ಮುಖ. ಒಣ ಹೆಸರುಕಾಳು ಹಲ್ಲಿಗೂ ಗಟ್ಟಿ. ನೆನೆದ ಕಾಳು ಉಗುರಿಗೇ ಸೀಳುತ್ತದೆ. ಗಡ್ಡದ ಕೂದಲೂ ಹಾಗೆಯೇ. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ನೆನೆಯಬೇಕು. ಗಂಡಸರು ಹೆಚ್ಚು ಅವಸರ ಮಾಡುವುದು ಇಲ್ಲೇ! ಆಮೇಲೆ ಬ್ರಷ್ಷಿನಿಂದ ಸೋಪನ್ನು ಸುತ್ತು ಸುತ್ತಾಗಿ ಆಡಿಸಿ ದಪ್ಪ ನೊರೆ ಬರಿಸಬೇಕು. ಗುಳ್ಳೆ ಗುಳ್ಳೆ ನೊರೆ ಸಾಲದು, ಮೊಸರಿನ ಕೆನೆಯ ಹಾಗೆ ಇರಬೇಕು. ನೊರೆ ಇದ್ದರೆ ಬ್ಲೇಡು ಜಾರುತ್ತದೆ, ಚರ್ಮ ತರಚುವುದಿಲ್ಲ.

ಕಾವಲಿಯ ಮೇಲೆ ದೋಸೆ ಎಬ್ಬಿಸುವಾಗ ಮಗುಚುವ ಕೈಯನ್ನು ಓರೆಯಾಗಿ ಹಿಡಿಯುತ್ತೀರಲ್ಲ? ರೇಜರನ್ನೂ ಓರೆಯಾಗಿಯೇ ಹಿಡಿಯಬೇಕು. ಮೊದಲು ರೇಜರಿನ ಮುಚ್ಚಳವನ್ನು ಕೆನ್ನೆಗೆ ಒರಗಿಸಿ. ಹಿಡಿಯನ್ನು ನಿಧಾನವಾಗಿ ಕೆಳಗೆ ಇಳಿಸಿ. ಅಂಚು ತಾಕಿತು ಎನ್ನುವಲ್ಲಿ ನಿಲ್ಲಿಸಿ. ಒತ್ತಬಾರದು. ರೇಜರಿನ ಭಾರವೇ ಸಾಕು. ಇನ್ನೊಂದು ಕೈಯಿಂದ ಚರ್ಮ ಬಿಗಿ ಹಿಡಿದು, ಕೂದಲು ಬೆಳೆದ ಕಡೆಗೇ ಚಿಕ್ಕ ಚಿಕ್ಕದಾಗಿ ಎಳೆಯಬೇಕು. ಕೂದಲು ಯಾವ ಕಡೆಗೆ ಬೆಳೆದಿದೆ? ಬೆರಳಿನಿಂದ ಸವರಿ ನೋಡಲಿ. ನುಣ್ಣಗೆ ಹತ್ತಿದರೆ ಅದೇ ದಿಕ್ಕು. ರೇಜರನ್ನು ಅಡ್ಡಡ್ಡ ಎಳೆದರೆ ಗಾಯ ಖಂಡಿತ. ಮೊಡವೆ ಇದ್ದ ಕಡೆ ಬಿಟ್ಟುಬಿಡಲಿ.

ಮುಗಿದ ಮೇಲೆ ತಣ್ಣೀರು. ಚೂರು ರಕ್ತ ಬಂದರೆ ಪಟಕದ ಕಲ್ಲು ಒದ್ದೆ ಮಾಡಿ ಸವರಬಹುದು. ಕೆಸರು ನೀರು ತಿಳಿಯಾಗಲು ಹಾಕುತ್ತೇವಲ್ಲ, ಅದೇ ಪಟಕ. ಅದು ಚರ್ಮವನ್ನು ಬಿಗಿ ಮಾಡುತ್ತದೆ, ರಕ್ತ ನಿಲ್ಲುತ್ತದೆ. ರೇಜರ್ ತೊಳೆದು ಒಣಗಲು ಬಿಡಿ.

ಈ ನಿಧಾನದ ಕೆಲಸವೇ ಇಷ್ಟವೆಂದು ಇದನ್ನೊಂದು ಹವ್ಯಾಸ ಮಾಡಿಕೊಂಡವರೂ ಇದ್ದಾರೆ. ಕೆಲವರಿಗೆ ಅಂಚೆ ಚೀಟಿ ಕೂಡಿಸುವ ಹುಚ್ಚಿಲ್ಲವೇ? ಹಾಗೆಯೇ ಇವರು ಹಳೆಯ ರೇಜರ್ ಕೂಡಿಸುತ್ತಾರೆ. ಬಗೆಬಗೆಯ ಸೋಪು, ಬ್ರಷ್ಷು ತರುತ್ತಾರೆ. ಅಮೆರಿಕದಲ್ಲಿ 1950ರ ದಶಕದಿಂದ ತಯಾರಾದ ಅನೇಕ ಜಿಲೆಟ್ ರೇಜರುಗಳ ಮೇಲೆ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಕೆತ್ತಿರುತ್ತದೆ. ಅಕ್ಷರ ನೋಡಿದರೆ ವರ್ಷ ತಿಳಿಯುತ್ತದೆ. ಅಂಕಿ ನೋಡಿದರೆ ವರ್ಷದ ಯಾವ ಮೂರು ತಿಂಗಳಲ್ಲಿ ಮಾಡಿದ್ದು ಎಂದು ತಿಳಿಯುತ್ತದೆ. ನೋಡಿ, ರೇಜರಿಗೂ ಜನ್ಮ ದಿನಾಂಕ! ಅದಕ್ಕೇ ಹೇಳುವುದು, ಹಳೆಯ ರೇಜರನ್ನು ಪಾತ್ರೆ ಮಾರುವವನಿಗೆ ಕೊಟ್ಟು ಡಬ್ಬಿ ತೆಗೆದುಕೊಳ್ಳಬೇಡಿ. ಮೊದಲು ಮನೆಯವರನ್ನು ಕೇಳಿ.

ಒಂದು ಬ್ಲೇಡು ಒಬ್ಬರಿಗೇ. ಅಣ್ಣನ ಬ್ಲೇಡು ತಮ್ಮನಿಗೆ ಬೇಡ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು, ಹೆಪಟೈಟಿಸ್ ಬಿ ಎಂಬ ಕಾಮಾಲೆ ರೋಗ ಅಂಟಬಹುದು. ಅದರ ವೈರಸ್ಸು ಮೈಯಿಂದ ಹೊರಗೆ ಕನಿಷ್ಠ 7 ದಿನ ಬದುಕಿರುತ್ತದೆ. ಪಟಕದ ಕಲ್ಲೂ ಅವರವರದೇ ಇರಲಿ. ಕ್ಷೌರದ ಅಂಗಡಿಯಲ್ಲಿ ಕೂತಾಗ "ಅಣ್ಣಾ, ಹೊಸ ಬ್ಲೇಡು ಹಾಕಿ" ಎಂದು ಕೇಳಲು ಮಗನಿಗೆ ಕಲಿಸಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಮೊಂಡಾದ ಬ್ಲೇಡು ಎಲ್ಲಿ ಹೋಗುತ್ತದೆ? ಕಿಟಕಿಯಿಂದ ಹಿತ್ತಲಿಗೆ. ಅಲ್ಲಿಂದ ಕಸದ ಜೊತೆ ತಿಪ್ಪೆಗೆ. ತಿಪ್ಪೆಯ ಗೊಬ್ಬರ ಹೊಲಕ್ಕೆ. ಗೊಬ್ಬರ ಹರಡುವ ಕೈ ಯಾರದು? ಕಳೆ ಕೀಳುವ ಬರಿಗಾಲು ಯಾರದು? ಗಡ್ಡ ಗಂಡಸಿನದು, ಗಾಯ ಹೆಂಗಸಿಗೆ. ಮೇಯುವ ದನದ ಬಾಯಿಗೂ ಅಪಾಯ. ಅಮೆರಿಕದಲ್ಲಿ ಹಿಂದೆ ಬಚ್ಚಲಿನ ಗೋಡೆಯ ಕಪಾಟಿನಲ್ಲಿ ಒಂದು ಸೀಳು ಇರುತ್ತಿತ್ತು. ಹಳೆಯ ಬ್ಲೇಡನ್ನು ಅದರಲ್ಲಿ ತೂರಿಸಿದರೆ ಗೋಡೆಯ ಒಳಗೇ ಬೀಳುತ್ತಿತ್ತು. ನಮಗೆ ಒಂದು ತಗಡಿನ ಡಬ್ಬಿ ಸಾಕು. ಮುಚ್ಚಳದಲ್ಲಿ ಬ್ಲೇಡು ಹಿಡಿಸುವಷ್ಟು ಸೀಳು ಮಾಡಿ. ಮುಚ್ಚಳವನ್ನು ಗಟ್ಟಿಯಾಗಿ ಅಂಟಿಸಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ತುಂಬಲು ವರ್ಷಗಳೇ ಬೇಕು. ಯಾರಿಗಾದರೂ ತುಕ್ಕು ಬ್ಲೇಡು ಚುಚ್ಚಿದರೆ ಸೋಪು ಹಾಕಿ ತೊಳೆದು, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಕೇಳಿ.

ಓದಿ, ಹೇಳಿ

1. ಬ್ಲೇಡನ್ನು ಯಾವ ಬದಿಯಲ್ಲಿ ಹಿಡಿಯಬೇಕು?

2. ನಿಮ್ಮ ಮನೆಯಲ್ಲಿ ಹಳೆಯ ಬ್ಲೇಡು ಎಲ್ಲಿ ಬೀಳುತ್ತದೆ? ಇವತ್ತು ಹೋಗಿ ನೋಡಿ ಬಂದು ಹೇಳಿ.

3. ಲೆಕ್ಕ ಮಾಡಿ: ಒಂದು ಪ್ಯಾಕೆಟ್ಟಿನಲ್ಲಿ 5 ಬ್ಲೇಡು. ಒಂದು ಬ್ಲೇಡು 4 ಸಲಕ್ಕೆ ಬರುತ್ತದೆ ಎಂದುಕೊಳ್ಳಿ. ಹುಡುಗ ವಾರಕ್ಕೆ 2 ಸಲ ಗಡ್ಡ ತೆಗೆದರೆ ಪ್ಯಾಕೆಟ್ಟು ಎಷ್ಟು ವಾರ ಬರುತ್ತದೆ?

4. ಅಂಗಡಿಯಿಂದ ತಂದ ಪ್ಯಾಕೆಟ್ಟಿನ ಮೇಲಿನ ಬೆಲೆ ಓದಿ. ಒಂದು ಬ್ಲೇಡಿಗೆ ಎಷ್ಟು ಬಿತ್ತು? ಪಾಟಿಯ ಮೇಲೆ ಬರೆಯಿರಿ.