ಪಿಚರ್ ಹುಡುಗನ ಮೊಣಕೈ ನೋವು

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. 13 ವರ್ಷದ ಮಗ ಬೇಸ್‌ಬಾಲ್ ತಂಡದಲ್ಲಿ ಪಿಚರ್. ಎರಡು ವಾರದಿಂದ ಮೊಣಕೈಯ ಒಳಬದಿ ನೋವು ಅನ್ನುತ್ತಿದ್ದಾನೆ. ಆಟದ ಮರುದಿನ ಕೈ ಪೂರ್ತಿ ಚಾಚಲು ಆಗುವುದಿಲ್ಲ. ಐಸ್ ಇಟ್ಟು, ನೋವಿನ ಮಾತ್ರೆ ಕೊಟ್ಟು ಆಡಿಸಬಹುದೇ? ಅವನಿಗೆ ಸ್ಯಾಂಡಿ ಕೋಫ್ಯಾಕ್ಸ್ ಎಂದರೆ ಪ್ರಾಣ. ಅಂಥವರೇ 30ಕ್ಕೆ ಆಟ ಬಿಟ್ಟರಂತೆ. ನಮಗೆ ದಿಗಿಲಾಗಿದೆ.
— ಒಬ್ಬ ತಾಯಿ

ಉತ್ತರ: ಬೇಡಮ್ಮಾ, ಆಡಿಸಬೇಡಿ. ಮಾತ್ರೆ ನುಂಗಿಸಿಯಂತೂ ಖಂಡಿತ ಬೇಡ.

ಕೋಫ್ಯಾಕ್ಸ್ ಅವರ ಕಥೆಯಲ್ಲೇ ಇದಕ್ಕೆ ಕಾರಣವಿದೆ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಈ ಎಡಗೈ ಪಿಚರ್‌ಗೆ ಮೊಣಕೈ ಕೀಲಿನಲ್ಲಿ ಸಂಧಿವಾತ ಶುರುವಾಗಿತ್ತು. ವಯಸ್ಸಿನಿಂದ ಬಂದದ್ದಲ್ಲ, ಪೆಟ್ಟು ಮತ್ತು ಅತಿಬಳಕೆಯಿಂದ ಬಂದದ್ದು. ಕೀಲಿಗೆ ಕಾರ್ಟಿಸೋನ್ ಇಂಜೆಕ್ಷನ್, ನೋವಿನ ಮಾತ್ರೆ, ಆಟ ಮುಗಿದೊಡನೆ ಮೊಣಕೈಯನ್ನು ಮಂಜುಗಡ್ಡೆ ನೀರಿನಲ್ಲಿ ಅದ್ದಿಡುವುದು – ಹೀಗೇ ಆಡಿದರು. 1966ರಲ್ಲಿ 323 ಇನಿಂಗ್ಸ್ ಎಸೆದು 27 ಪಂದ್ಯ ಗೆದ್ದರು. ಅದೇ ನವೆಂಬರ್‌ನಲ್ಲಿ ನಿವೃತ್ತಿ. ಉಳಿದ ಬದುಕಿಗೆ ಕೈ ಬೇಕು ಎಂಬುದೇ ಅವರು ಕೊಟ್ಟ ಕಾರಣ. ಔಷಧಿ ನೋವನ್ನು ಅಡಗಿಸಿತ್ತು, ಕೀಲು ಸವೆಯುವುದನ್ನು ತಡೆದಿರಲಿಲ್ಲ.

ಚೆಂಡೆಸೆಯುವಾಗ ಮೈ ಮುಂದೆ ತಿರುಗುತ್ತದೆ, ಮುಂಗೈ ಮಾತ್ರ ಒಂದು ಕ್ಷಣ ಹಿಂದೆಯೇ ಉಳಿಯುತ್ತದೆ. ಆಗ ಮೊಣಕೈಯ ಒಳಬದಿ ಜಗ್ಗುತ್ತದೆ, ಹೊರಬದಿ ಒತ್ತಿಕೊಳ್ಳುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಹರಿಯುವುದು ಒಳಬದಿಯ ಲಿಗಮೆಂಟ್. ನಿಮ್ಮ ಮಗನ ವಯಸ್ಸಿನಲ್ಲಿ ಲಿಗಮೆಂಟ್‌ಗಿಂತ ಮೂಳೆಯ ಬೆಳವಣಿಗೆ ಪದರವೇ ಮೆತ್ತಗಿರುತ್ತದೆ. ಎಳೆತಕ್ಕೆ ಮೊದಲು ಸೋಲುವುದು ಅದು. ಅದನ್ನು ಲೆಕ್ಕಿಸದೆ ಎಸೆಯುತ್ತಿದ್ದರೆ ಮೂಳೆಯ ಚೂರೇ ಕಿತ್ತು ಬರಬಹುದು.

‘ಟಾಮಿ ಜಾನ್ ಆಪರೇಷನ್ ಇದೆಯಲ್ಲ’ ಎಂದು ಯಾರಾದರೂ ಧೈರ್ಯ ಹೇಳಿದರೆ ಕೇಳಬೇಡಿ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್, ಡಾಡ್ಜರ್ಸ್ ತಂಡದ ಟಾಮಿ ಜಾನ್ ಅವರ ಬಲ ಮುಂಗೈಯಿಂದ ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಜೋಡಿಸಿದರು. 1975ರ ಋತುವಿಡೀ ಕೂತು, 1976ರಲ್ಲಿ ಮರಳಿದ ಜಾನ್ 1989ರವರೆಗೆ ಆಡಿದರು. ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಅದು ಹರಿದ ಲಿಗಮೆಂಟ್‌ಗೆ ಚಿಕಿತ್ಸೆ. ಅದರಿಂದ ಕೈ ಮೊದಲಿಗಿಂತ ಬಲವಾಗುತ್ತದೆ ಎಂದು ನಂಬುವ ಪಾಲಕರಿದ್ದಾರೆ, ಅದು ತಪ್ಪು.

ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸಿ. ಹೋಲಿಸಿ ನೋಡಲು ಎರಡೂ ಮೊಣಕೈಗಳ ಎಕ್ಸ್‌ರೇ ತೆಗೆಸುವುದುಂಟು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಎಸೆತ ಪೂರ್ತಿ ನಿಲ್ಲಿಸಿದರೆ ಗುಣವಾಗುತ್ತದೆ. ಉಂಗುರ ಬೆರಳು, ಕಿರುಬೆರಳು ಜುಮ್ಮೆಂದರೆ, ಮೊಣಕೈ ಬಾತರೆ ಅಥವಾ ಸಿಕ್ಕಿಕೊಂಡಂತಾದರೆ ಅಂದೇ ಹೋಗಿ.

ಮತ್ತೆ ಆಡಲು ಶುರು ಮಾಡಿದ ಮೇಲೆ ಎಸೆತದ ಲೆಕ್ಕ ನೀವೇ ಇಡಿ, ಕೋಚ್ ಮೇಲೆ ಬಿಡಬೇಡಿ. ಅಮೆರಿಕದ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿಯ ಪ್ರಕಾರ 13–14ರ ಮಕ್ಕಳಿಗೆ ದಿನಕ್ಕೆ 95 ಎಸೆತವೇ ಮಿತಿ. 66 ಅಥವಾ ಅದಕ್ಕಿಂತ ಹೆಚ್ಚಾದರೆ ನಾಲ್ಕು ದಿನ ವಿಶ್ರಾಂತಿ. ಒಂದೇ ಪಂದ್ಯದಲ್ಲಿ ಪಿಚರ್ ಕೆಲಸ, ಕ್ಯಾಚರ್ ಕೆಲಸ ಎರಡೂ ಬೇಡ. ವರ್ಷಕ್ಕೆ ನಾಲ್ಕು ತಿಂಗಳಾದರೂ ಎಸೆತವಿಲ್ಲದೆ ಇರಲಿ. ಆ ದಿನಗಳಲ್ಲಿ ಈಜಲಿ, ಓಡಲಿ, ಫುಟ್‌ಬಾಲ್ ಆಡಲಿ. ನೋವಾದರೆ ಹೇಳುವುದಕ್ಕೆ ಅವನು ಹೆದರದಂತೆ ನೋಡಿಕೊಳ್ಳಿ. ತಂಡದಿಂದ ತೆಗೆದುಬಿಡುತ್ತಾರೆಂದು ಎಷ್ಟೋ ಮಕ್ಕಳು ಮುಚ್ಚಿಡುತ್ತಾರೆ.