ಬಸುರಿಯ ಎಚ್‌ಪಿವಿ ವರದಿ: ಗಂಡನಿಗೆ ತಿಳಿಸಬೇಕಾದವರು ಯಾರು?

ಮುಂಬಯಿಯ ಆಸ್ಪತ್ರೆಯಲ್ಲಿ ಬಸುರಿಯ ಕೇಸ್ ಪೇಪರಿನ ಮೇಲೆ ಗಂಡನ ಮೊಬೈಲ್ ನಂಬರ್ ಬರೆಸಿದರೆ ಲ್ಯಾಬಿನ ವರದಿ ಮೊದಲು ಅವನ ವಾಟ್ಸಾಪಿಗೇ ಹೋದೀತು. ಸಕ್ಕರೆ, ಹಿಮೋಗ್ಲೋಬಿನ್ ವರದಿಯಾದರೆ ಚಿಂತೆಯಿಲ್ಲ. ಎಚ್‌ಪಿವಿ ಪಾಸಿಟಿವ್ ಎಂದಿದ್ದರೆ, ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಾಣು ಎಂಬ ಒಂದೇ ಸಾಲು ಹಿಡಿದು ಮನೆಯೊಳಗೇ ತೀರ್ಪು ಹೊರಬೀಳುತ್ತದೆ. ಆ ವಿಷಯ ಗಂಡನಿಗೆ ತಿಳಿಸಬೇಕೇ, ಯಾವಾಗ, ಹೇಗೆ ಎಂಬ ತೀರ್ಮಾನ ಬಸುರಿಯದೇ. ಡಾಕ್ಟರದ್ದಲ್ಲ, ಅತ್ತೆಯದಂತೂ ಅಲ್ಲ. ಕಾನೂನನ್ನು ಸರಿಯಾಗಿ ಓದಿದರೆ ಅದು ಅವಳ ಪಕ್ಕದಲ್ಲೇ ನಿಂತಿದೆ.

ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ ರೋಗಿಯ ಗುಟ್ಟನ್ನು ಡಾಕ್ಟರು ಬಿಟ್ಟುಕೊಡುವಂತಿಲ್ಲ. ನ್ಯಾಯಾಧೀಶರ ಆದೇಶವಿರಬೇಕು, ಸರಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ರೋಗವಿರಬೇಕು, ಇಲ್ಲವೇ ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯವಿರಬೇಕು. ಗಂಡ ಎಂಬ ಕಾರಣಕ್ಕೆ ಬೇರೆ ವಿನಾಯಿತಿ ಅಲ್ಲಿಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಪ್ರಜ್ಞೆ ತಪ್ಪಿಸಿ ಮಲಗಿಸಿದ್ದ ವಯಸ್ಕ ಹೆಣ್ಣಿನ ಪರವಾಗಿ ಹೊರಗೆ ಕುಳಿತಿದ್ದ ತಾಯಿ ಕೊಟ್ಟ ಒಪ್ಪಿಗೆಯನ್ನೂ ಸುಪ್ರೀಂ ಕೋರ್ಟ್ ಮಾನ್ಯ ಮಾಡಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು.

ಹಾಗಾದರೆ ಗಂಡನ ಆರೋಗ್ಯಕ್ಕೆ ಬೆಲೆಯಿಲ್ಲವೇ? ಈ ಆಕ್ಷೇಪ ಹಗುರವಾದದ್ದಲ್ಲ. 1998ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಎತ್ತಿಹಿಡಿದಿತ್ತು. ಎಚ್‌ಐವಿ ಇದ್ದವನೊಬ್ಬನ ಸಂಗತಿಯನ್ನು ಆಸ್ಪತ್ರೆ ಹೊರಗೆಡಹಿ ಅವನ ಮದುವೆ ಮುರಿದಾಗ, ವಧುವಿನ ಜೀವರಕ್ಷಣೆ ಅವನ ಗುಟ್ಟಿಗಿಂತ ದೊಡ್ಡದು ಎಂದಿತು. ಆದರೆ ಅಲ್ಲಿ ತಡೆಯಬಹುದಾದ ಅಪಾಯವಿತ್ತು. ಎಚ್‌ಪಿವಿ ಲೈಂಗಿಕ ಜೀವನ ನಡೆಸುವ ಬಹುತೇಕರಿಗೆ ಎಂದಾದರೊಮ್ಮೆ ತಗಲುತ್ತದೆ, ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನಾಗಿ ಮಾಯವಾಗುತ್ತದೆ. ಗಂಡಸರಿಗೆ ಅದರ ವಾಡಿಕೆಯ ಪರೀಕ್ಷೆಯಿಲ್ಲ, ವೈರಾಣುವನ್ನೇ ಕೊಲ್ಲುವ ಮದ್ದೂ ಇಲ್ಲ. ಹೆಂಡತಿ ಬಸುರಿಯಾಗಿರುವಾಗ ಗಂಡನಿಗೆ ಸೋಂಕು ತಾಗುವುದಿದ್ದರೆ ಬಹುಶಃ ಆಗಲೇ ತಾಗಿರುತ್ತದೆ. ಅವನಿಂದಲೇ ಅವಳಿಗೆ ಬಂದಿರಲೂಬಹುದು. ಡಾಕ್ಟರು ಅವಳ ಬೆನ್ನ ಹಿಂದೆ ಹೇಳಿ ತಡೆಯುವುದೇನನ್ನು? ಎಚ್‌ಐವಿ ವಿಷಯದಲ್ಲೇ 2017ರ ಕಾಯ್ದೆ ಸಂಗಾತಿಗೆ ತಿಳಿಸಲು ಕಠಿಣ ಷರತ್ತು ಹಾಕಿ, ಹೆಣ್ಣಿಗೆ ಹಿಂಸೆಯ ಭಯವಿದ್ದರೆ ತಿಳಿಸಬಾರದು ಎಂದಿದೆ. ಎಚ್‌ಪಿವಿ ಆ ಕಾಯ್ದೆಯೊಳಗೆ ಬರುವುದಿಲ್ಲ ನಿಜ. ಆದರೆ ಎಚ್‌ಐವಿಗಿಂತ ಸೌಮ್ಯವಾದ ಸೋಂಕಿಗೆ ಅದಕ್ಕಿಂತ ಕಡಿಮೆ ರಕ್ಷಣೆ ಎನ್ನುವುದು ಯಾವ ನ್ಯಾಯ?

ಹೇಳಬಾರದು ಎಂದಲ್ಲ, ಮನೆ ಸುರಕ್ಷಿತವಾಗಿದ್ದರೆ ಹೇಳುವುದೇ ಒಳ್ಳೆಯದು, ವೈರಾಣುವಿನಿಂದ ಜನನಾಂಗದಲ್ಲಿ ನರಹುಲಿ ಎದ್ದಿದ್ದರೆ ಇನ್ನೂ ಬೇಗ. ತಾನೇ ಒಪ್ಪಿ, ಗಂಡನನ್ನು ಕೂರಿಸಿಕೊಂಡು ಡಾಕ್ಟರಿಂದ ಹೇಳಿಸಬಹುದು. ಸೋಂಕು ವರ್ಷಗಟ್ಟಲೆ ಅಡಗಿರಬಲ್ಲದಾದ್ದರಿಂದ ಯಾರಿಂದ, ಯಾವಾಗ ಬಂತೆಂದು ವರದಿ ಹೇಳುವುದಿಲ್ಲ. ಎಚ್‌ಪಿವಿ ಇದೆಯೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ವೈರಾಣುವಿನಿಂದ ಗರ್ಭಕಂಠದಲ್ಲಿ ಆಗಿರುವ ಬದಲಾವಣೆಗೆ, ಕ್ಯಾನ್ಸರ್ ಕಾಣದಿದ್ದರೆ, ಚಿಕಿತ್ಸೆ ಸಾಮಾನ್ಯವಾಗಿ ಹೆರಿಗೆಯ ನಂತರ. ಈ ಮೂರನ್ನು ಅವನು ಡಾಕ್ಟರ ಬಾಯಿಂದಲೇ ಕೇಳಲಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಹರಡುವ ಲೈಂಗಿಕ ರೋಗ ವಿಚ್ಛೇದನದ ಕಾರಣವಾಗಿ ಇಂದಿಗೂ ಉಳಿದಿದೆ, ಆ ಬೆದರಿಕೆ ಬರಬಹುದು. ಆದರೆ ಕೋರ್ಟಿನಲ್ಲಿ ಸಾಬೀತು ಮಾಡುವ ಹೊರೆ ಆರೋಪಿಸುವವನ ಮೇಲಿದೆ. ವರದಿಯೊಂದೇ ವ್ಯಭಿಚಾರಕ್ಕೆ ಪುರಾವೆಯಾಗದು. ಶೀಲದ ಮೇಲೆ ಅಪವಾದ ಹೊರಿಸುವುದು 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಹಿಂಸೆಯ ವ್ಯಾಖ್ಯೆಗೆ ಸೇರುತ್ತದೆ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ ಆರಂಭಿಸಿದ ದಿಲಾಸಾ ಕೇಂದ್ರ ಮನೆಯಲ್ಲಿ ಹಿಂಸೆ ಎದುರಿಸುವ ಹೆಂಗಸರಿಗಾಗಿಯೇ ಇದೆ. ಈಗ ಬೇರೆ ಪಾಲಿಕೆ ಆಸ್ಪತ್ರೆಗಳಲ್ಲೂ ಉಂಟು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರ ನೆರವು ಉಚಿತ, ಸಹಾಯವಾಣಿ 15100.

ಗುಟ್ಟು ಆಸ್ಪತ್ರೆಯಿಂದಲೇ ಸೋರಿದರೆ ಮೊದಲು ದಾಖಲೆಯ ಪ್ರತಿಯನ್ನು ಲಿಖಿತವಾಗಿ ಕೇಳಬೇಕು. 72 ಗಂಟೆಯೊಳಗೆ ಕೊಡಬೇಕೆಂದು ಅದೇ 2002ರ ನಿಯಮ ಹೇಳುತ್ತದೆ. ಡಾಕ್ಟರ ಮೇಲಿನ ದೂರು ಮಹಾರಾಷ್ಟ್ರ ವೈದ್ಯಕೀಯ ಮಂಡಳಿಗೆ. ಹಣ ಕೊಟ್ಟು ಚಿಕಿತ್ಸೆ ಪಡೆದಿದ್ದರೆ ಗ್ರಾಹಕ ಆಯೋಗಕ್ಕೂ ಹೋಗಬಹುದು, ಎರಡು ವರ್ಷದೊಳಗೆ. ಎಲ್ಲರಿಗೂ ಉಚಿತವಾದ ಆಸ್ಪತ್ರೆಗೆ ಆ ದಾರಿಯಿಲ್ಲ.